ನೈಟ್ ಡ್ಯೂಟಿ: 2ರಿಂದ 4 ಜರುಗಲ್ಲ, 5ರ ಮೇಲೆ ಕೈಗೆ ಸಿಗಲ್ಲ

ಪ್ರಶ್ನೆ (ಮೆಡಿಕಲ್ ವಾರ್ಡ್)
ರಾತ್ರಿ 8ರಿಂದ ಬೆಳಿಗ್ಗೆ 8ರ ಡ್ಯೂಟಿ. ಹ್ಯಾಂಡೋವರ್ (ಹಿಂದಿನ ಡ್ಯೂಟಿಯವರಿಂದ ರೋಗಿಗಳನ್ನ ವಹಿಸಿಕೊಳ್ಳೋದು), ಮಾತ್ರೆ, ಇಂಜೆಕ್ಷನ್ ಅಂತ 12 ಆಗೋದೇ ತಿಳಿಯಲ್ಲ. 2ರಿಂದ 4ರವರೆಗೆ ಮುಳ್ಳು ನಿಂತ ಹಾಗಿರುತ್ತೆ. 5 ಆಯ್ತೋ, ಸ್ಯಾಂಪಲ್, ಸ್ಪಾಂಜಿಂಗ್ (ಒದ್ದೆ ಬಟ್ಟೆಯಲ್ಲಿ ಮೈ ಒರೆಸೋದು), ಇನ್‌ಟೇಕ್-ಔಟ್‌ಪುಟ್ (ರೋಗಿಯ ಮೈಗೆ ಹೋದ, ಹೊರಬಂದ ನೀರಿನ ಲೆಕ್ಕ) ಎಲ್ಲಾ ಒಟ್ಟಿಗೇ ಮೈಮೇಲೆ ಬೀಳುತ್ತೆ. ಹೊಸ ಸಿಸ್ಟರ್‌ಗಳು ಚಾರ್ಟ್‌ನಲ್ಲಿ ತಾರೀಖನ್ನೂ ತಪ್ಪಿಸ್ತಾರೆ. ಏನು ಮಾಡಬಹುದು?

ಐಸಿಯು ಸ್ಟಾಫ್
ಬೆಳಗಿನ ಜಾವ ಮೈಬಿಸಿ ದಿನದಲ್ಲೇ ಅತಿ ಕಡಿಮೆ ಇರುತ್ತೆ, ಗಮನವೂ ಕುಸಿಯುತ್ತೆ. ಆ ಹೊತ್ತಲ್ಲಿ "ಈಗ ತಾನೇ ನೋಡಿ ಬಂದೆ" ಅನ್ನೋ ಅಂದಾಜನ್ನ ನಂಬಲೇಬಾರದು. ಡ್ರಿಪ್‌ನಲ್ಲಿ ಅದು ನೇರ ಪೆಟ್ಟು ಕೊಡುತ್ತೆ. 500 ಎಂಎಲ್ ಬಾಟಲಿ 8 ಗಂಟೆಗೆ ಅಂದ್ರೆ, 20 ಹನಿಗೆ 1 ಎಂಎಲ್ ಬೀಳೋ ಸೆಟ್‌ನಲ್ಲಿ ನಿಮಿಷಕ್ಕೆ 21 ಹನಿ. 15 ಸೆಕೆಂಡ್ ಎಣಿಸಿ 4ರಿಂದ ಗುಣಿಸಿದ್ರೆ, ಒಂದು ಹನಿ ತಪ್ಪಿದ್ರೂ ಗಂಟೆಗೆ 12 ಎಂಎಲ್ ಹೆಚ್ಚುಕಮ್ಮಿ. ಪೂರ್ತಿ ನಿಮಿಷ ಎಣಿಸಿ. ಬಾಟಲಿಗೆ ಉದ್ದಕ್ಕೆ ಪ್ಲಾಸ್ಟರ್ ಪಟ್ಟಿ ಅಂಟಿಸಿ ಗೆರೆ ಹಾಕಿ: 10ಕ್ಕೆ ಶುರುವಾಗಿದ್ರೆ 12ಕ್ಕೆ 375, 2ಕ್ಕೆ 250, 4ಕ್ಕೆ 125 ಉಳಿದಿರಬೇಕು. ರೋಗಿ ನಿದ್ದೆಯಲ್ಲಿ ಮೊಣಕೈ ಮಡಿಸಿದ್ರೆ ಹನಿ ನಿಧಾನ, ಚಾಚಿದ್ರೆ ಮತ್ತೆ ಜೋರು. ನೀರು ಯಾವ ಗೆರೆಯಲ್ಲಿದೆ ಅನ್ನೋದು ಟಾರ್ಚ್ ಬೆಳಕಲ್ಲೂ ಕಾಣುತ್ತೆ.

ನೈಟ್ ಇನ್‌ಚಾರ್ಜ್
ತಾರೀಖಿನ ಮಾತು. 14ರ ನೈಟ್ ಅಂತ ಕರೆದ್ರೂ 00:00 ಆದಕೂಡಲೇ ಬರೆಯೋದು 15. "ಇವತ್ತು", "ನಾಳೆ" ಹ್ಯಾಂಡೋವರ್‌ನಲ್ಲಿ ಬೇಡವೇ ಬೇಡ. ರಾತ್ರಿ 11ಕ್ಕೆ ಬರೆದ "ನಾಳೆ ಸ್ಕ್ಯಾನಿಂಗ್" 1 ಗಂಟೆಗೆ ಓದಿದವರಿಗೆ 16 ಆಗಿಬಿಡುತ್ತೆ, ಬೆಳಿಗ್ಗೆ ಖಾಲಿ ಹೊಟ್ಟೇಲಿ ಇರಬೇಕಾದ ರೋಗಿಗೆ ಇಡ್ಲಿ ಕೊಟ್ಟಾಗಿರುತ್ತೆ. "15ರ ಬೆಳಿಗ್ಗೆ 9" ಅಂತಲೇ ಬರೀರಿ. "ರಾತ್ರಿ 12ರಿಂದ ಏನೂ ಕೊಡಬೇಡಿ" ಅಂತ ಇದ್ರೂ ಯಾವ ತಾರೀಖಿನ ರಾತ್ರಿ ಅಂತ ಡಾಕ್ಟರ್‌ನ ಕೇಳಿ ಬರೆಸ್ಕೊಳ್ಳಿ.

ಇನ್ನೊಂದು: ಗೋಡೆ ಗಡಿಯಾರ, ಮಾನಿಟರ್, ನಿಮ್ಮ ವಾಚು ಮೂರೂ ಒಂದೇ ಸಮಯ ತೋರಿಸ್ತಿವೆಯಾ ಅಂತ ಡ್ಯೂಟಿ ಶುರುವಿನಲ್ಲೇ ನೋಡಿ. ಸಿಪಿಆರ್ (ನಿಂತ ಹೃದಯಕ್ಕೆ ಎದೆ ಒತ್ತೋದು) ವೇಳೆ ಒಬ್ಬರು ಒಂದೇ ಗಡಿಯಾರ ನೋಡಿ ಬರೀಬೇಕು. ಇಲ್ಲದಿದ್ರೆ ಎರಡನೇ ಅಡ್ರಿನಲಿನ್ ಇಂಜೆಕ್ಷನ್ ಮೊದಲನೇದಕ್ಕಿಂತ ಮುಂಚೆ ಕೊಟ್ಟ ಹಾಗೆ ದಾಖಲಾಗುತ್ತೆ.

ಸರ್ಜಿಕಲ್ ವಾರ್ಡ್ ಸ್ಟಾಫ್
2ರಿಂದ 4ಕ್ಕೆ 5ರ ಕೆಲಸದ ತಯಾರಿ ತಳ್ಳಿ. ಲ್ಯಾಬ್ ಫಾರಂ ತುಂಬಿ, ಟ್ಯೂಬ್‌ಗಳನ್ನ ಬೆಡ್ ಪ್ರಕಾರ ಜೋಡಿಸಿ. ಲೇಬಲ್ ಮಾತ್ರ ರಕ್ತ ತೆಗೆದಮೇಲೆ, ಬೆಡ್ ಪಕ್ಕದಲ್ಲೇ. ಆಕ್ಸಿಜನ್ ಸಿಲಿಂಡರ್ ಗೇಜ್, ಲ್ಯಾರಿಂಗೋಸ್ಕೋಪ್ (ಉಸಿರಿನ ಟ್ಯೂಬ್ ಹಾಕುವಾಗ ಗಂಟಲೊಳಗೆ ನೋಡೋ ಉಪಕರಣ) ಬಲ್ಬು ನೋಡಿ. 6ರ ಇಂಜೆಕ್ಷನ್ ಈಗಲೇ ಸಿರಿಂಜಿಗೆ ಎಳೆದಿಡಬೇಡಿ. 6ರ ಬಿಪಿಯನ್ನ 4ಕ್ಕೇ ಬರೆಯೋದಂತೂ ತಪ್ಪು ಮಾತ್ರ ಅಲ್ಲ, ಸುಳ್ಳು ದಾಖಲೆ. ಇನ್ಸುಲಿನ್ ತಗೊಳ್ಳೋರಿಗೆ 3 ಗಂಟೆಗೆ ಶುಗರ್ ನೋಡಬೇಕು ಅಂತ ಡಾಕ್ಟರ್ ಬರೆದಿದ್ರೆ ಎಬ್ಬಿಸಿ ನೋಡಿ. ಗಾಢ ನಿದ್ದೆ ಅಂದ್ಕೊಂಡಿದ್ದು 70ಕ್ಕಿಂತ ಕೆಳಗಿನ ಶುಗರ್ ಇರಬಹುದು. ಹಣೆ, ಕುತ್ತಿಗೆ ಮುಟ್ಟಿ, ತಣ್ಣನೆ ಬೆವರು ಸಿಗಬಹುದು.

ಪ್ರಶ್ನೆ ಕೇಳಿದವರು
ಗೆರೆ ಪಟ್ಟಿ ಈ ರಾತ್ರಿಯಿಂದಲೇ. ಕಾಫಿ ಎಷ್ಟು ಹೊತ್ತಿನವರೆಗೆ ಕುಡಿಯಬಹುದು?

ಐಸಿಯು ಸ್ಟಾಫ್
2ರ ಒಳಗೆ ಮುಗಿಸಿ. ಕುಡಿದ ಕೆಫೀನ್‌ನಲ್ಲಿ ಅರ್ಧ ಇಳಿಯೋಕೆ ಸುಮಾರು 5 ಗಂಟೆ ಬೇಕು. 5ಕ್ಕೆ ಕುಡಿದ್ರೆ 10ಕ್ಕೆ ರೂಮಲ್ಲಿ ಮಲಗಿದಾಗಲೂ ಅರ್ಧ ಲೋಟ ಮೈಯಲ್ಲೇ ಇರುತ್ತೆ.