ಸುದ್ದಿ ಆ್ಯಪ್‌ನಲ್ಲಿ ಪತ್ರಿಕೆಗಳ ವರದಿಯನ್ನು ಎಷ್ಟು ತೋರಿಸಬಹುದು?

ಪ್ರಶ್ನೆ (ವಿಜಯಪುರದಿಂದ):
ನಮಸ್ಕಾರ ಸರ್. ನಾನು ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಸುದ್ದಿಯೆಲ್ಲ ಒಂದೇ ಕಡೆ ಸಿಗುವ ಆ್ಯಪ್ ಕಟ್ಟುತ್ತಿದ್ದೇನೆ. ಪತ್ರಿಕೆಗಳ ಆರ್‌ಎಸ್‌ಎಸ್ ಫೀಡ್‌ನಿಂದ (ಹೊಸ ಸುದ್ದಿಗಳನ್ನು ಆ್ಯಪ್‌ಗಳು ತಾವಾಗಿಯೇ ಓದಿಕೊಳ್ಳುವಂತೆ ಪತ್ರಿಕೆ ತನ್ನ ಜಾಲತಾಣದಲ್ಲಿ ಇಡುವ ಕಡತ) ಪೂರ್ತಿ ವರದಿ, ಫೋಟೊ ತೆಗೆದುಕೊಂಡು ಕೆಳಗೆ ‘ಕೃಪೆ’ ಎಂದು ಪತ್ರಿಕೆಯ ಹೆಸರು ಹಾಕುತ್ತೇನೆ. ಫೀಡ್ ಎಲ್ಲರಿಗೂ ತೆರೆದೇ ಇದೆಯಲ್ಲ, ಇದರಲ್ಲಿ ತೊಂದರೆ ಇದೆಯೇ?

ಉತ್ತರ (ಬೆಳಗಾವಿಯಿಂದ, ಸುದ್ದಿ ಜಾಲತಾಣಗಳ ತಾಂತ್ರಿಕ ಕೆಲಸ ಮಾಡುವವರು):
ಇದೆ. ಆ್ಯಪ್ ಕಟ್ಟುವುದನ್ನು ನಿಲ್ಲಿಸಬೇಡಿ, ನಮ್ಮ ಭಾಗಕ್ಕೆ ಅದು ಬೇಕು. ಆದರೆ ಪೂರ್ತಿ ವರದಿ ತೋರಿಸುವುದನ್ನು ಇಂದೇ ತೆಗೆದುಬಿಡಿ. ಪತ್ರಿಕೆ ಫೀಡ್ ಕೊಡುವುದು ಓದುಗರನ್ನು ತನ್ನ ಪುಟಕ್ಕೆ ಕರೆತರಲು. ಮರುಪ್ರಕಟಣೆಗೆ ಅದು ಪರವಾನಗಿಯಲ್ಲ. ‘ಕೃಪೆ’ ಎಂದು ಬರೆದ ಮಾತ್ರಕ್ಕೆ ಅನುಮತಿ ಪಡೆದಂತೆಯೂ ಆಗುವುದಿಲ್ಲ.

ಸಂಗತಿಗೆ ಯಾರೂ ಒಡೆಯರಲ್ಲ. ಆಲಮಟ್ಟಿ ಜಲಾಶಯ 519.60 ಮೀಟರ್‌ಗೆ ಭರ್ತಿಯಾಯಿತು ಎಂಬುದನ್ನು ನಿಮ್ಮ ಮಾತಿನಲ್ಲಿ ಧಾರಾಳವಾಗಿ ಬರೆಯಿರಿ. ಆದರೆ ವರದಿಗಾರ ನದಿ ದಂಡೆಗೆ ಹೋಗಿ, ಕಬ್ಬು ಮುಳುಗಿದ ರೈತರನ್ನು ಮಾತನಾಡಿಸಿ ಬರೆದ ಸಾಲುಗಳಿಗೆ 1957ರ ಕೃತಿಸ್ವಾಮ್ಯ ಕಾಯ್ದೆಯ ರಕ್ಷಣೆ ಇದೆ. ಪ್ರಚಲಿತ ವಿದ್ಯಮಾನ ವರದಿ ಮಾಡಲು 52ನೇ ಕಲಂ ಕೆಲವು ವಿನಾಯಿತಿ ಕೊಡುತ್ತದೆ, ನಿಜ. ದಿನವೂ ಇಡೀ ವರದಿ ಎತ್ತಿ ಪಕ್ಕದಲ್ಲಿ ಜಾಹೀರಾತು ಹಾಕಿಕೊಳ್ಳುವುದಕ್ಕೆ ಆ ವಿನಾಯಿತಿ ಒದಗೀತು ಎಂದು ನಂಬಿ ಕೂರಬೇಡಿ. ಗೊತ್ತಿದ್ದೂ ಉಲ್ಲಂಘಿಸಿದರೆ 63ನೇ ಕಲಂ ಪ್ರಕಾರ 3 ವರ್ಷದವರೆಗೆ ಸೆರೆವಾಸ, 2 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.

ಶೀರ್ಷಿಕೆ, ಪತ್ರಿಕೆಯ ಹೆಸರು, ಸಮಯ, ನೀವೇ ಬರೆದ ಒಂದೆರಡು ಸಾಲು, ಕೊಂಡಿ ಇಷ್ಟಿದ್ದರೆ ಸಾಕು. ಒತ್ತಿದಾಗ ಪತ್ರಿಕೆಯದೇ ಪುಟ ತೆರೆಯಲಿ. ಫೋಟೊದ ಹಕ್ಕು ಬೇರೆಯೇ. ಎಷ್ಟೋ ಸಲ ಅದು ಪತ್ರಿಕೆಯದಲ್ಲ, ಸುದ್ದಿಸಂಸ್ಥೆಯದು. ಅನುಮತಿ ಸಿಗುವವರೆಗೆ ಚಿತ್ರವೇ ಬೇಡ.

ನಿಮ್ಮಂಥವರು ಯೋಚಿಸದ ಇನ್ನೊಂದು ವಿಷಯವಿದೆ. ಅಪಘಾತದ ಸುದ್ದಿಯಲ್ಲಿ ಬೆಳಿಗ್ಗೆ ಮೃತರ ಹೆಸರು ತಪ್ಪಾಗಿ ಬಂದಿರುತ್ತದೆ, ಮಧ್ಯಾಹ್ನ ಪತ್ರಿಕೆ ತಿದ್ದುತ್ತದೆ. ನಿಮ್ಮ ಸರ್ವರ್‌ನಲ್ಲಿ ಉಳಿದ ಪ್ರತಿ ಮಾತ್ರ ಬದುಕಿರುವವರನ್ನು ರಾತ್ರಿಯವರೆಗೂ ಸತ್ತರೆಂದೇ ಸಾರುತ್ತಿರುತ್ತದೆ. ಆ ಮನೆಯವರ ಗತಿ ಏನು? ಆದ್ದರಿಂದ ಪ್ರತಿ ಸುದ್ದಿಯ ಗುರುತು ಸಂಖ್ಯೆಯನ್ನು ಇಟ್ಟುಕೊಂಡು, ಮೂಲದಲ್ಲಿ ಬದಲಾದರೆ ನಿಮ್ಮಲ್ಲೂ ಬದಲಾಗುವಂತೆ, ಅಳಿಸಿದರೆ ಅಳಿಯುವಂತೆ ಮಾಡಿ.

ಹೊಸ ಸುದ್ದಿ ಇದೆಯೇ ಎಂದು ಪತ್ರಿಕೆಯ ಸರ್ವರ್‌ನಿಂದ ಫೀಡನ್ನು ನಿಮಿಷಕ್ಕೊಮ್ಮೆ ಕೇಳಬೇಡಿ. ಹಿಂದಿನ ಬಾರಿ ಬಂದ ಇಟ್ಯಾಗನ್ನು (ಫೀಡಿನ ಆವೃತ್ತಿಗೆ ಸರ್ವರ್ ಕೊಡುವ ಗುರುತು) ಕೋರಿಕೆಯ ಜೊತೆಗೆ ಕಳುಹಿಸಿದರೆ, ಹೊಸದೇನೂ ಇಲ್ಲದಾಗ ಸರ್ವರ್ 304, ಅಂದರೆ ‘ಬದಲಾಗಿಲ್ಲ’, ಎಂದಷ್ಟೇ ಹೇಳಿ ಮುಗಿಸುತ್ತದೆ. ಜಿಲ್ಲಾ ಪತ್ರಿಕೆಗಳ ಸಣ್ಣ ಸರ್ವರ್‌ಗಳಿಗೆ ಇದು ದೊಡ್ಡ ಉಪಕಾರ. ಯಾವ ಪುಟಗಳಿಗೆ ತಂತ್ರಾಂಶಗಳು ಬರಬಾರದು ಎಂದು ಜಾಲತಾಣ ತಿಳಿಸುವ ರೋಬಾಟ್ಸ್ ಕಡತದಲ್ಲಿ (robots.txt) ಬೇಡ ಎಂದಿದ್ದರೆ ಆ ಕಡೆ ಹೋಗಬೇಡಿ.

ಮರುಪ್ರಶ್ನೆ (ಜಮಖಂಡಿಯಿಂದ):
ನಮ್ಮ ಟೆಲಿಗ್ರಾಂ ಗುಂಪಿನಲ್ಲಿ ದಿನಾ ಪತ್ರಿಕೆಯ ಪಿಡಿಎಫ್ ಹಾಕುತ್ತೇವೆ, ಹಣವೇನೂ ಪಡೆಯುವುದಿಲ್ಲ. ಅದು ಸರಿಯೇ?

ಉತ್ತರ:
ಅಲ್ಲ. ಪುಕ್ಕಟೆ ಹಂಚಿದರೂ ಅದು ನಕಲೇ. ಜಾಗರಣ್ ಪತ್ರಿಕೆಯ ಪ್ರಕಾಶಕರು ಇಂಥದೇ ದೂರು ಒಯ್ದಾಗ, ಆ ಚಾನೆಲ್‌ಗಳನ್ನು ತೆಗೆಯುವಂತೆ ದೆಹಲಿ ಹೈಕೋರ್ಟ್ 2020ರಲ್ಲಿ ಟೆಲಿಗ್ರಾಂಗೆ ಆದೇಶಿಸಿತು. ಪಿಡಿಎಫ್ ಬದಲು ಪತ್ರಿಕೆಯ ಕೊಂಡಿ ಹಾಕಿ.

ವಿಜಯಪುರದವರಿಗೆ ಒಂದು ಮಾತು ಬಿಟ್ಟಿತ್ತು: 2021ರ ಐಟಿ (ಮಾಹಿತಿ ತಂತ್ರಜ್ಞಾನ) ನಿಯಮಗಳ ವ್ಯಾಪ್ತಿಗೆ ಸುದ್ದಿ ಸಂಗ್ರಾಹಕಗಳೂ, ಅಂದರೆ ನಿಮ್ಮದರಂತೆ ಹಲವು ಕಡೆಯ ಸುದ್ದಿ ಒಟ್ಟುಗೂಡಿಸುವ ಆ್ಯಪ್‌ಗಳೂ, ಬರುತ್ತವೆ. ಆ್ಯಪ್ ಬಿಡುಗಡೆಗೆ ಮುನ್ನ ವಕೀಲರೊಬ್ಬರಿಗೆ ತೋರಿಸಿ. ಪ್ರತಿ ಸಂಪಾದಕರಿಗೂ ಒಂದು ಪತ್ರ ಬರೆದು, ಯಾವ ಫೀಡ್, ಎಷ್ಟು ಸಾಲು, ಎಷ್ಟು ಹೊತ್ತಿಗೊಮ್ಮೆ ಎಂಬುದನ್ನೂ ನಿಮ್ಮ ಫೋನ್ ಸಂಖ್ಯೆಯನ್ನೂ ತಿಳಿಸಿ.