ನೀಲಿ ನಾಲಿಗೆ ರೋಗದಿಂದ ಎದ್ದ ಕುರಿ ಮೆಲುಕು ಹಾಕುತ್ತಿಲ್ಲ, ಸಹಾಯ ಬೇಕು

ಚಳ್ಳಕೆರೆ ಕಡೆಯ ನಮ್ಮ ಹಿಂಡಿನ ಮೂರು ವರ್ಷದ ಹೆಣ್ಣು ಕುರಿಗೆ ಮಳೆ ಹಿಡಿದ ಮೇಲೆ ನೀಲಿ ನಾಲಿಗೆ ರೋಗ ತಗುಲಿ ಇಂದಿಗೆ 12 ದಿನಗಳಾದವು. ವೈದ್ಯರು ಜ್ವರಕ್ಕೂ ನೋವಿಗೂ ಚುಚ್ಚುಮದ್ದು ಕೊಟ್ಟ ನಂತರ 106 ಡಿಗ್ರಿ ಇದ್ದ ಜ್ವರ 103ಕ್ಕೆ ಇಳಿದಿದೆ. ದಿನಕ್ಕೆರಡು ಸಲ ತೆಳುವಾದ ಪೊಟ್ಯಾಸಿಯಂ ಪರ್ಮಾಂಗನೇಟ್ ನೀರಿನಿಂದ ಬಾಯಿ ತೊಳೆದು ಗ್ಲಿಸರಿನ್ ಹಚ್ಚುತ್ತಿರುವುದರಿಂದ ವಸಡಿನ ಹುಣ್ಣುಗಳೂ ಮಾಯುತ್ತಿವೆ. ಈ ರೋಗವನ್ನು ಹರಡುವುದು ಕಚ್ಚುವ ನುಸಿಯಾದ್ದರಿಂದ ಸಂಜೆ ಬೇವಿನ ಸೊಪ್ಪಿನ ಹೊಗೆಯನ್ನೂ ಹಾಕುತ್ತಿದ್ದೇನೆ.

ಆದರೆ ಹಸಿ ಹುಲ್ಲು ಮುಂದಿಟ್ಟರೆ ಮೂಸಿ ಮುಖ ತಿರುಗಿಸುತ್ತದೆ. ನಾಲ್ಕು ದಿನಗಳಿಂದ ಮೆಲುಕು ನಿಂತಿದೆ; ಎಡಪಕ್ಕೆಯ ಹಿಂದಿನ ಗುಳಿಯಲ್ಲಿ ಅಂಗೈ ಒತ್ತಿ ಹಿಡಿದರೂ ಹೊಟ್ಟೆಯ ಅಲುಗಾಟ ಕೈಗೆ ಸಿಗುವುದಿಲ್ಲ. ಗೊಟ್ಟದಿಂದ ರಾಗಿ ಗಂಜಿ ಕುಡಿಸುತ್ತಿದ್ದೆ, ನಿನ್ನೆ ಕುಡಿಸುವಾಗ ಕೆಮ್ಮಿತು. ಗಂಜಿ ಶ್ವಾಸಕೋಶಕ್ಕೆ ಇಳಿದರೆ ಉಳಿಸಿದ ಕುರಿಯನ್ನು ನಾನೇ ಕೊಂದಂತಾಗುತ್ತದೆ ಎಂದು ಕೈ ನಡುಗುತ್ತಿದೆ. ಆರೋಗ್ಯವಾಗಿರುವ ಕುರಿಯ ಹೊಟ್ಟೆಯ ರಸವನ್ನು ಸೋಸಿ, ಬೆಚ್ಚಗಿರುವಾಗಲೇ ಕುಡಿಸಿದರೆ ಮೆಲುಕು ಮರಳುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಾರೆ. ವೈದ್ಯರು ಮತ್ತೆ ಬರುವುದು ಸೋಮವಾರ.

ಅಲ್ಲಿಯವರೆಗೆ ಗಂಜಿಯನ್ನು ನಿಲ್ಲಿಸಬೇಕೇ, ಮುಂದುವರಿಸಬೇಕೇ? ಹೊಟ್ಟೆಯ ರಸವನ್ನು ಸ್ವತಃ ಕುಡಿಸಿ ನೋಡಿದವರು ಎಷ್ಟು ಪ್ರಮಾಣದಲ್ಲಿ, ಯಾವ ರೀತಿಯಲ್ಲಿ ಕುಡಿಸಿದಿರಿ ಎಂಬುದನ್ನು ದಯವಿಟ್ಟು ತಿಳಿಸುವಿರಾ?