ಸಹಾಯ ಬೇಕು: ಮಾಳಮಡ್ಡಿಯ ಅಜ್ಜನ ಮನೆಯ ಮಾರಾಟ

ಬಳಗದ ಎಲ್ಲ ಹಿರಿಯರಿಗೆ ನಮಸ್ಕಾರಗಳು. ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಅಜ್ಜ ತಮ್ಮ ಸ್ವಂತ ದುಡಿಮೆಯಿಂದ ಕಟ್ಟಿಸಿದ ಹೆಂಚಿನ ಮನೆಯನ್ನು ಮಾರಲು ನಾವು ಮೂವರು ಮಕ್ಕಳು ನಿರ್ಧರಿಸಿದ್ದೇವೆ. ಅಜ್ಜ, ಅಜ್ಜಿ, ಅಪ್ಪ ಮೂವರೂ ತೀರಿಕೊಂಡಿದ್ದಾರೆ, ಅವ್ವ ನಮ್ಮೊಂದಿಗಿದ್ದಾರೆ.

ತೊಡಕು ಇಷ್ಟು: ಸಿಟಿ ಸರ್ವೆ ಉತಾರದಲ್ಲಿ, ಅಂದರೆ ಆಸ್ತಿಯ ಸರ್ಕಾರಿ ದಾಖಲೆಯಲ್ಲಿ, ಇಂದಿಗೂ ಅಜ್ಜನ ಹೆಸರೇ ಇದೆ. ಅವರು ಮೃತ್ಯುಪತ್ರ ಬರೆದಿಟ್ಟಿಲ್ಲವಾದ್ದರಿಂದ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅಪ್ಪನಷ್ಟೇ ಪಾಲು ಅವರ ಒಬ್ಬಳೇ ತಂಗಿ, ಅಂದರೆ ನಮ್ಮ ಸೋದರತ್ತೆಗೂ ಸಲ್ಲುತ್ತದೆ. ಅತ್ತೆ ‘ನನಗೇನೂ ಬೇಡ, ಎಲ್ಲಿ ಬೇಕಲ್ಲಿ ಸಹಿ ಮಾಡತೇನಿ’ ಎನ್ನುತ್ತಾರೆ. ಆದರೆ ಬಾಯಿಮಾತು ನೋಂದಣಿಗೆ ಸಾಲದು, ಮೇಲಾಗಿ ಅವರ ಹಕ್ಕನ್ನು ಹಾಗೆಯೇ ಬಿಡಿಸಿಕೊಳ್ಳಲು ನನಗೆ ಮನಸ್ಸಿಲ್ಲ.

ಮೊದಲು ವಾರಸಾ (ವಾರಸುದಾರರ ಹೆಸರಿಗೆ ದಾಖಲೆ ಬದಲಾವಣೆ) ಮಾಡಿಸಿ ಉತಾರದಲ್ಲಿ ಎಲ್ಲರ ಹೆಸರು ಏರಿಸಬೇಕೋ, ಅಥವಾ ಮಹಾನಗರ ಪಾಲಿಕೆಯ ಇ-ಖಾತೆಗೆ (ಆಸ್ತಿಯ ಡಿಜಿಟಲ್ ಖಾತೆಗೆ) ಜೊತೆಯಲ್ಲೇ ಅರ್ಜಿ ಕೊಡಬಹುದೋ? ಅತ್ತೆಗೆ ಎಂಬತ್ತು ದಾಟಿದೆ, ಗದಗದಲ್ಲಿದ್ದಾರೆ. ಖರೀದಿಪತ್ರದ ಸಹಿಗೆ ಅವರು ಕಚೇರಿಯ ಮೆಟ್ಟಿಲು ಹತ್ತದಂತೆ ಮುಖತ್ಯಾರಪತ್ರ ಮಾಡಿಸಿದವರಿದ್ದರೆ ದಯವಿಟ್ಟು ಕ್ರಮ ತಿಳಿಸಿ.

ಇನ್ನೊಂದು ಬಿನ್ನಹ. ಹಿತ್ತಲಲ್ಲಿ ಅಜ್ಜ ನೆಟ್ಟ ಆಪೂಸು ಮಾವಿನ ಮರವಿದೆ, ಅದರ ಒಂದು ಟೊಂಗೆ ಬಚ್ಚಲ ಹೆಂಚಿನ ಮೇಲೆಯೇ ಒರಗಿದೆ. ಆ ಮರವನ್ನು ಉಳಿಸಿಕೊಂಡು ವಾಸಿಸುವ ಕುಟುಂಬ ನಿಮ್ಮ ಪರಿಚಯದಲ್ಲಿದ್ದರೆ ನನಗೆ ಸಂದೇಶ ಕಳಿಸಿ. ಬೆಲೆಯಲ್ಲಿ ಹೊಂದಿಕೊಳ್ಳಲು ಮನೆಯವರೆಲ್ಲ ಒಪ್ಪಿದ್ದಾರೆ.